ಅಪ್ಪನ ಡೈರಿ, ಲಿಂಗನಮಕ್ಕಿಯ ನೀರು

ಕ್ಯಾಮೆರಾದ ಎದುರು ಕುಳಿತರೆ ಅಪ್ಪ ಮತ್ತೆ ಮೇಷ್ಟರಾಗಿಬಿಡುತ್ತಾರೆ. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ನಾನು ಮೊಬೈಲ್ ಎತ್ತಿ ಹಿಡಿದ ಕೂಡಲೇ ಬೆನ್ನು ನೇರವಾಗುತ್ತದೆ, ಮೇಲಿನ ಗುಂಡಿಯವರೆಗೂ ಅಂಗಿ ಮುಚ್ಚುತ್ತದೆ, ಮಾತು ಪಾಠವಾಗುತ್ತದೆ. “ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ಉದ್ದ ಸುಮಾರು 2.7 ಕಿಲೋಮೀಟರ್. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸಂಗ್ರಹ ಸಾಮರ್ಥ್ಯ 151 ಟಿಎಂಸಿ.” ನಾನು ಕೇಳಿದ್ದು ಇದನ್ನಲ್ಲ. ನಮ್ಮ ಮನೆಯ ಬಾವಿ ಯಾವ ದಿಕ್ಕಿಗಿತ್ತು ಎಂದು ಕೇಳಿದ್ದೆ.

ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರು ನಾವು. ಸರಿಯಾಗಿ ಹೇಳಬೇಕೆಂದರೆ ಕಳೆದುಕೊಂಡವರು ಅಪ್ಪ ಮತ್ತು ಅವರ ಅಕ್ಕ, ಅಂದರೆ ನನ್ನ ದೊಡ್ಡತ್ತೆ. ನಾನು ಹುಟ್ಟುವ ಹೊತ್ತಿಗೆ ಮನೆ ಶಿವಮೊಗ್ಗದ ಕಡೆ ಕಾಡು ಕಡಿದು ಕೊಟ್ಟ ಜಾಗಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಹಾಗಿದ್ದೂ ಶಾಲೆಯಲ್ಲಿ ನಾನು ‘ಮುಳುಗಡೆಯವರ ಹುಡುಗಿ’. ಕೊಟ್ಟ ಜಾಗ ಕಂದಾಯದ್ದೋ ಅರಣ್ಯದ್ದೋ ಎಂಬ ತಕರಾರು ಈ ಭಾಗದಲ್ಲಿ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಚುನಾವಣೆ ಬಂದಾಗಲೆಲ್ಲ ಹಕ್ಕುಪತ್ರದ ಮಾತು ಬರುತ್ತದೆ, ಚುನಾವಣೆಯ ಜೊತೆಗೇ ಹೋಗುತ್ತದೆ. ಆ ನೀರನ್ನು ನಾನು ಕಣ್ಣಾರೆ ಕಂಡದ್ದು ಕಾಲೇಜಿನಲ್ಲಿದ್ದಾಗ, ಸಿಗಂದೂರಿಗೆ ಹೋಗುವ ಲಾಂಚಿನಲ್ಲಿ. ಗೆಳತಿಯರು ಕಟಕಟೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆಸಿಕೊಂಡೆ. ಚೆನ್ನಾಗಿಯೇ ಬಂದಿತ್ತು.

ಕಿರುಚಿತ್ರ ಮಾಡುವ ಹುಚ್ಚು ಹತ್ತಿದ್ದು ಯೋನಾಸ್ ಮೆಕಾಸ್‌ನಿಂದ. ಲಿಥುವೇನಿಯಾದ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದವನು. ಯುದ್ಧಕಾಲದಲ್ಲಿ ಊರು ಬಿಟ್ಟು, ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿ ಕಾಲ ತಳ್ಳಿ, 1949ರಲ್ಲಿ ತಮ್ಮನೊಂದಿಗೆ ನ್ಯೂಯಾರ್ಕಿಗೆ ಬಂದಿಳಿದ. ಬಂದ ಕೆಲವೇ ವಾರಗಳಲ್ಲಿ ಸಾಲ ಮಾಡಿ ಕೊಂಡದ್ದು ಒಂದು ಬೋಲೆಕ್ಸ್ ಕ್ಯಾಮೆರಾ. ಕೀಲಿ ಕೊಟ್ಟು ಓಡಿಸುವ ಯಂತ್ರ ಅದು; ಒಮ್ಮೆ ತಿರುಗಿಸಿದರೆ ಅರ್ಧ ನಿಮಿಷವೂ ಪೂರ್ತಿ ಓಡುವುದಿಲ್ಲ. ಹಾಗಾಗಿ ಅವನ ಚಿತ್ರಗಳೆಲ್ಲ ಕಣ್ಣು ಮಿಟುಕಿಸಿದಂತೆ ತುಂಡು ತುಂಡು: ಹಿಮ, ಮದುವೆ, ಬೆಕ್ಕು, ಊಟದ ಮೇಜು. ದಿನಚರಿ ಬರೆಯುವವರು ಬರೆಯುವಂತೆ ಅವನು ಸಾಯುವವರೆಗೂ ಚಿತ್ರ ತೆಗೆದ. 1971ರಲ್ಲಿ ಊರಿಗೆ ಮರಳಿದಾಗ ಹೊರಗೆ ಒಲೆ ಹೂಡಿ ಅಡುಗೆ ಮಾಡುವ ತಾಯಿಯನ್ನು ತೆಗೆದಿದ್ದಾನೆ. ಅದನ್ನು ನೋಡುತ್ತ ನನಗೆ ಅಳು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಅವನಿಗೆ ಹಿಂದಿರುಗಲು ಊರಾದರೂ ಇತ್ತು.

2024ರ ಮೇ ತಿಂಗಳಲ್ಲಿ ಅಪ್ಪನನ್ನು ಕರೆದುಕೊಂಡು ಹೊರಟೆ. ಹಿಂದಿನ ವರ್ಷ ಬರ; ಹಿನ್ನೀರು ಬಹಳ ಕೆಳಗೆ ಹೋಗಿತ್ತು. ಸಾಗರದ ಹತ್ತಿರ ದೊಡ್ಡತ್ತೆಯನ್ನು ಕಾರಿಗೆ ಹತ್ತಿಸಿಕೊಂಡೆವು. ಅವರು ಮದುವೆಯಾಗಿ ಅಲ್ಲೇ ನೆಲೆಸಿದವರು. ಅಪ್ಪ ಓದುವಾಗ ಕೆಲವು ಕಾಲ ಅಕ್ಕನ ಮನೆಯಲ್ಲಿದ್ದರು, ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ಸಿನಿಮಾ ನೋಡುತ್ತಿದ್ದರು. ಆ ಹೆಮ್ಮೆ ಈಗಲೂ ಇದೆ. ನನ್ನ ಮೊಬೈಲನ್ನು ನೋಡಿ, “ಸಿನಿಮಾ ಅಂದರೆ ಏನೆಂದು ನನಗೆ ಗೊತ್ತಿಲ್ಲವೇ? ಇದು ಸಿನಿಮಾ ಅಲ್ಲ” ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದರು.

ಅಂಬಾರಗೋಡ್ಲಿನ ದಡದಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಆಚೆ ದಡದ ಕಳಸವಳ್ಳಿಗೆ ಕಟ್ಟುತ್ತಿದ್ದ ಸೇತುವೆ ಇನ್ನೂ ಮುಗಿದಿರಲಿಲ್ಲ. ಅದು ಉದ್ಘಾಟನೆಯಾದದ್ದು ಮರುವರ್ಷ ಜುಲೈನಲ್ಲಿ. ನೀರು ಹಿಂದೆ ಸರಿದ ಜಾಗದಲ್ಲಿ ಕೆಂಪು ಮಣ್ಣು ಬಾಯಿಬಿಟ್ಟಿತ್ತು. ಅಲ್ಲಲ್ಲಿ ಕರಿ ಬಡ್ಡೆಗಳು. ಅರವತ್ತು ವರ್ಷ ನೀರಿನಲ್ಲಿದ್ದೂ ಕೊಳೆಯದ ಮರಗಳು. ಒಂದನ್ನು ಉಗುರಿನಿಂದ ಕೆರೆದು ನೋಡಿದೆ. ಮೇಲಿನ ಪದರ ಮಸಿಯ ಹಾಗೆ ಕೈಗೆ ಹತ್ತಿತು, ಒಳಗೆ ಗಟ್ಟಿ. ಬಡ್ಡೆಯ ಸುತ್ತ ನೀರು ಇಳಿದ ಗೆರೆಗಳು, ಒಂದರ ಕೆಳಗೊಂದು.

ಅಪ್ಪ ಕೈ ನೀಡಿ ತೋರಿಸಿದರು. “ಅಲ್ಲಿ, ಆ ಗುಡ್ಡದ ಬಲಕ್ಕೆ.” ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅದೇ ಗುಡ್ಡವನ್ನು ನೋಡಿದರು. “ಎಡಕ್ಕೆ ಮಾರಾಯ. ಬಲಕ್ಕಿದ್ದದ್ದು ಬ್ಯಾಣ.” ಬ್ಯಾಣವೆಂದರೆ ಹುಲ್ಲುಗಾವಲು. ಊರು ಬಿಟ್ಟಾಗ ಅಪ್ಪನಿಗೆ ಒಂಬತ್ತು ವರ್ಷ, ಅತ್ತೆಗೆ ಹದಿನಾಲ್ಕು. ಹಾಗಾಗಿ ಅತ್ತೆಯ ಮಾತೇ ಸರಿಯಿರಬೇಕು ಎಂದು ನನಗನ್ನಿಸಿತು. ಅಪ್ಪನಿಗೆ ಹಾಗನ್ನಿಸಲಿಲ್ಲ. ಇಬ್ಬರೂ ಬಿಸಿಲಿನಲ್ಲಿ ನಿಂತು ಕಾಣದ ಅಡಕೆ ತೋಟಕ್ಕಾಗಿ ವಾದ ಮಾಡಿದರು. ನಾನು ಚಿತ್ರೀಕರಿಸುತ್ತಿದ್ದೇನೆ ಎಂಬುದು ಗಮನಕ್ಕೆ ಬಂದ ಕೂಡಲೇ ಅತ್ತೆ ಬಾಯಿ ಮುಚ್ಚಿದರು, ಅಪ್ಪ 1948ಕ್ಕೆ ಹೋದರು. ಲಿಂಗನಮಕ್ಕಿಗಿಂತ ಮೊದಲೇ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು, ಅದರ ಸೈಫನ್‌ಗಳು, ಆಮೇಲೆ ಆ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿದ್ದು, ಕಡು ಬೇಸಿಗೆಯಲ್ಲಿ ಈಗಲೂ ತಲೆ ಎತ್ತುವುದು. ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಆ ಪಾಠವನ್ನು ಯಾವ ಮೇಷ್ಟರೂ ಮಾಡಬಹುದಿತ್ತು.

ಅತ್ತೆ ಬಾಯಿ ಬಿಟ್ಟದ್ದು ಹಿಂದಿರುಗುವಾಗ. ಕಾರಿನ ಕಿಟಕಿ ಮುಚ್ಚಿತ್ತು, ಮೊಬೈಲ್ ನನ್ನ ತೊಡೆಯ ಮೇಲೆ ಕವುಚಿ ಬಿದ್ದಿತ್ತು. ದನಿ ಮಾತ್ರ ಮುದ್ರಿಸಿಕೊಳ್ಳುತ್ತೇನೆ ಎಂದು ಕೇಳಿಕೊಂಡೆ. “ಮುಖ ಬರುವುದಿಲ್ಲ ತಾನೇ? ಹಾಗಾದರೆ ಏನು ಬೇಕಾದರೂ ಮಾಡಿಕೋ ಕೂಸೇ” ಎಂದರು. ಹೊರಡುವ ಹಿಂದಿನ ದಿನವೇ ಮಾಡಿನ ಹೆಂಚು ಇಳಿಸಿಯಾಗಿತ್ತಂತೆ. ಹೊಸ ಜಾಗದಲ್ಲಿ ಮನೆ ಕಟ್ಟಲು ಹೆಂಚು, ತೊಲೆ, ಬಾಗಿಲು ಎಲ್ಲವೂ ಬೇಕಿತ್ತು. ಮಾಡಿಲ್ಲದ ಆ ಮನೆಯಲ್ಲಿ ಬೆಳಿಗ್ಗೆ ಎದ್ದ ಅಜ್ಜಿ ಎಂದಿನಂತೆ ಕಸ ಗುಡಿಸಿ, ನೆಲಕ್ಕೆ ಸಗಣಿ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಇಟ್ಟಳಂತೆ. “ನೆಲ ಒಣಗುವುದಕ್ಕೆ ಬಿಸಿಲು ನೇರವಾಗಿ ಒಳಗೇ ಬೀಳುತ್ತಿತ್ತು. ಅಷ್ಟು ಬೇಗ ಒಣಗಿದ ನೆಲವನ್ನು ನಾನು ನೋಡಿಯೇ ಇರಲಿಲ್ಲ.”

“ಅಕ್ಕ, ಆ ದಿನ ಅಮ್ಮ ಅಲ್ಲಿರಲೇ ಇಲ್ಲ” ಎಂದರು ಅಪ್ಪ ಮುಂದಿನ ಸೀಟಿನಿಂದ. “ಎರಡು ದಿನ ಮೊದಲೇ ನಮ್ಮನ್ನು ಕರೆದುಕೊಂಡು ಮಾವನ ಮನೆಗೆ ಹೋಗಿದ್ದಳು.”

“ನಿನ್ನನ್ನು ಕಳಿಸಿದ್ದರು. ಅಮ್ಮ ಇದ್ದಳು, ನಾನಿದ್ದೆ.”

ಆಮೇಲೆ ಸಾಗರದವರೆಗೂ ಮಾತಿಲ್ಲ. ಗೇರ್ ಬದಲಿಸುವ ಸದ್ದು, ಒಮ್ಮೆ ಅಪ್ಪ ಕೆಮ್ಮಿದ್ದು, ಎದುರಿನ ಬಸ್ಸಿನ ಹಾರ್ನ್. ಅಷ್ಟನ್ನೂ ಚಿತ್ರದಲ್ಲಿ ಹಾಗೇ ಇಟ್ಟುಕೊಂಡಿದ್ದೇನೆ.

ಸಂಕಲನಕ್ಕೆ ಕುಳಿತಾಗ ಎಲ್ಲರೂ ಸಲಹೆಗಾರರಾದರು. ಒಬ್ಬ ಗೆಳೆಯ ಡ್ರೋನ್ ತಂದು ಹಿನ್ನೀರನ್ನು ಮೇಲಿನಿಂದ ತೆಗೆದುಕೊಡುತ್ತೇನೆ ಎಂದ. ಬೇಡವೆಂದೆ. ನಮ್ಮ ಮನೆಯವರು ಯಾರೂ ಆ ಊರನ್ನು ಆಕಾಶದಿಂದ ನೋಡಿದವರಲ್ಲ. ಮೇಲಿನಿಂದ ನೋಡಿದ್ದು ನಕ್ಷೆ ಬರೆದವರು. ಇನ್ನೊಬ್ಬಳು ಕೊಳಲು ಹಾಕು ಎಂದಳು. ಹಳೆಯ ಫೋಟೋ, ನಿಧಾನವಾಗಿ ಹತ್ತಿರವಾಗುವ ಮುಖ, ಹಿನ್ನೆಲೆಯಲ್ಲಿ ಕೊಳಲು: ಇಂಥ ಕಿರುಚಿತ್ರಗಳನ್ನು ಸಾಕಷ್ಟು ನೋಡಿದ್ದೇನೆ. ಕೊಳಲು ಕೇಳಿಸಿತೆಂದರೆ ಇಲ್ಲಿ ಹೇಳುವುದಕ್ಕೆ ಏನೂ ಇಲ್ಲ ಎಂದೇ ನನ್ನ ಅನುಮಾನ. ತೊಂದರೆ ಇದ್ದದ್ದು ನನ್ನ ದನಿಯದ್ದು. ‘ನಾನು’ ಎಂದು ಶುರುವಾಗುವ ನಿರೂಪಣೆ ಬರೆದು ಓದಿದರೆ ಕಾಣದ ಊರಿನ ಬಗ್ಗೆ ಕಂಡವಳ ದುಃಖ ಬರುತ್ತಿತ್ತು. ಅದು ನನ್ನದಲ್ಲ.

ದಾರಿ ಸಿಕ್ಕಿದ್ದು ಅಪ್ಪನ ಟ್ರಂಕಿನಲ್ಲಿ. ಜೀವವಿಮೆಯವರೂ ಸೊಸೈಟಿಯವರೂ ಹೊಸ ವರ್ಷಕ್ಕೆ ಕೊಡುವ ಡೈರಿಗಳಲ್ಲಿ ಅಪ್ಪ ಪ್ರತಿದಿನ ಬರೆಯುತ್ತಿದ್ದರು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಏನು ಬರೆಯುತ್ತಾರೆ ಎಂದು ಯಾರೂ ನೋಡಿರಲಿಲ್ಲ. ಭಾವನೆಯ ಒಂದು ಸಾಲೂ ಇಲ್ಲ. ಹಾಲಿನ ಲೆಕ್ಕ, ಗೊಬ್ಬರದ ಲೆಕ್ಕ, ಯಾರದೋ ಮದುವೆಗೆ ಮಾಡಿದ ಮುಯ್ಯಿ. ಆದರೆ ಮಳೆಗಾಲ ಶುರುವಾಯಿತೆಂದರೆ ಪುಟದ ಮೇಲ್ತುದಿಯಲ್ಲಿ, ಬಲಗಡೆ, ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಲಿಂ. 1763.40.’ ಮರುದಿನ, ‘ಲಿಂ. 1764.10.’ ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಹಾಕುವ ಜಲಾಶಯಗಳ ಮಟ್ಟದಿಂದ ಎತ್ತಿಕೊಂಡದ್ದು. ಭದ್ರಾ ಇಲ್ಲ, ತುಂಗಾ ಇಲ್ಲ. ನಮ್ಮ ತೋಟಕ್ಕೆ ಆ ನೀರಿನ ಹನಿಯೂ ಬರುವುದಿಲ್ಲ. ಅದರಿಂದ ಹುಟ್ಟುವ ವಿದ್ಯುತ್ತಿನ ಲೆಕ್ಕವೂ ಅಪ್ಪನಿಗೆ ಬೇಕಿಲ್ಲ. ಇಷ್ಟು ವರ್ಷ ಪ್ರತಿ ಮಳೆಗಾಲದಲ್ಲೂ ತಮ್ಮ ಮನೆಯ ಮೇಲೆ ಎಷ್ಟು ನೀರು ನಿಂತಿದೆ ಎಂದು ಅವರು ಬರೆದಿಡುತ್ತ ಬಂದಿದ್ದರು. ತುಂಬಿದ ವರ್ಷಗಳಲ್ಲಿ 1818ರ ಆಚೆ ಹೋದ ದಿನಗಳಿಗೆ ಅಡಿಗೆರೆ ಎಳೆದಿದ್ದರು.

ಶಾಂತಾಲ್ ಅಕರ್ಮಾನ್ ಎಂಬ ಬೆಲ್ಜಿಯಂನ ನಿರ್ದೇಶಕಿ ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕಿನ ರಸ್ತೆಗಳನ್ನು ತೋರಿಸುತ್ತ, ಅವುಗಳ ಮೇಲೆ ಅಮ್ಮ ಬರೆದ ಕಾಗದಗಳನ್ನು ತನ್ನ ದನಿಯಲ್ಲಿ ಓದಿದಳು. ಹುಷಾರು, ಕಾಗದ ಬರೆ, ದುಡ್ಡು ಕಳಿಸಿದ್ದೇನೆ ಎಂಬಂಥ ಮಾತುಗಳು. ನಡುನಡುವೆ ರೈಲಿನ ಸದ್ದು ಬಂದು ಅವನ್ನೂ ನುಂಗುತ್ತದೆ. ಆ ಧೈರ್ಯವನ್ನು ಅವಳಿಂದಲೇ ಕಡ ತಂದೆ. ನಿರೂಪಣೆ ಹರಿದು ಹಾಕಿ, ಅಪ್ಪನ ಡೈರಿಯ ಮಟ್ಟಗಳನ್ನು ದಿನಾಂಕದ ಸಮೇತ ಓದಿದೆ. ಹನ್ನೊಂದು ನಿಮಿಷದ ಚಿತ್ರದಲ್ಲಿ ನನ್ನ ಮಾತು ಅಷ್ಟೇ.

ಅದಕ್ಕೆ ಜೊತೆಯಾಗಿ ನಮ್ಮ ಈಗಿನ ಮನೆಯ ಮುಂಬಾಗಿಲನ್ನು ತೆಗೆದೆ. ಮುಳುಗಡೆಯ ಊರಿನಿಂದ ಬಿಚ್ಚಿ ತಂದ ಹಲಸಿನ ಬಾಗಿಲು ಅದು, ದಾರಂದ ಸಮೇತ ಬಂದದ್ದು. ಹಿಂದಿನ ಕಾಲದ ಅಳತೆ. ತಲೆ ಬಗ್ಗಿಸದೆ ಯಾರೂ ಒಳಗೆ ಬರುವಂತಿಲ್ಲ. ಹೊಸ ನೆಂಟರು ಹಣೆ ಹೊಡೆಸಿಕೊಂಡು ಮೇಲಿನ ಪಟ್ಟಿಯ ಒಂದು ಜಾಗ ನುಣುಪಾಗಿದೆ. ಅಗಳಿಯ ಹತ್ತಿರ ಹಲಗೆ ಸವೆದು ಹೆಬ್ಬೆಟ್ಟು ಕೂರುವಷ್ಟು ತಗ್ಗಾಗಿದೆ. ರಾತ್ರಿ ಮಲಗುವ ಮೊದಲು ಅಪ್ಪ ದೀಪ ಹಾಕದೆ ಬಂದು, ಹೆಬ್ಬೆಟ್ಟನ್ನು ಆ ತಗ್ಗಿಗಿಟ್ಟು ಅಗಳಿ ಸರಿಸುತ್ತಾರೆ. ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿಟ್ಟು ತೆಗೆದದ್ದರಿಂದ ಅವರಿಗೆ ತಿಳಿಯಲಿಲ್ಲ. ಬೆನ್ನು ನೇರವಿಲ್ಲ, ಗುಂಡಿ ಹಾಕಿಲ್ಲ, ಬನಿಯನ್ನಿನಲ್ಲಿದ್ದಾರೆ. ಆಮೇಲೆ ತೋರಿಸಿ ಒಪ್ಪಿಗೆ ಕೇಳಿದೆ. “ಬನಿಯನ್ ತೂತಾಗಿದೆಯಲ್ಲ” ಎಂದರು, ಬೇಡವೆನ್ನಲಿಲ್ಲ.

ಸಗಣಿ ಸಾರಿಸಿದ ನೆಲದ ಮಾತನ್ನು ಉಳಿಸಿಕೊಂಡೆ, ಅಮ್ಮ ಅಲ್ಲಿರಲೇ ಇಲ್ಲ ಎಂಬ ಮಾತನ್ನೂ ಉಳಿಸಿಕೊಂಡೆ. ಯಾರದು ಸರಿ ಎಂದು ತೀರ್ಮಾನಿಸುವ ಸಾಕ್ಷಿ ಈಗ ಯಾರೂ ಇಲ್ಲ.

ಚಿತ್ರವನ್ನು ಮೊದಲು ತೋರಿಸಿದ್ದು ನಮ್ಮ ಜಗುಲಿಯಲ್ಲೇ, ಗೋಡೆಗೆ ಪಂಚೆ ಕಟ್ಟಿ. ಅಕ್ಕಪಕ್ಕದ ಮುಳುಗಡೆಯ ಮನೆಗಳವರು ಬಂದಿದ್ದರು. ಅತ್ತೆಯ ತಕರಾರು, ತನ್ನ ಮಾತು ಕಡಿಮೆಯಾಯಿತು ಎಂದು. ಅಪ್ಪನ ತಕರಾರು, ಅಣೆಕಟ್ಟಿನ ಉದ್ದವೇ ಬರಲಿಲ್ಲ ಎಂದು. ಕೊನೆಯ ಮನೆಯ ಅಜ್ಜ ಒಬ್ಬರು ಮಾತ್ರ ಬಡ್ಡೆಗಳಿರುವ ತುಣುಕನ್ನು ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಎದ್ದು ಪಂಚೆಯ ಹತ್ತಿರ ಹೋಗಿ ನಿಂತು, ಅದು ತಮ್ಮ ಗದ್ದೆಯ ಅಂಚು, ತಮ್ಮ ಊರು, ನಮ್ಮದಲ್ಲ ಎಂದರು. ಅವರ ಊರು ನಮ್ಮೂರಿಗೆ ಎರಡು ಹರದಾರಿ ದೂರ. ಅಪ್ಪ ಒಪ್ಪಲಿಲ್ಲ. ಮತ್ತೆ ವಾದ ಶುರುವಾಯಿತು, ಕಾಫಿ ಆರಿತು.

ಆ ತುಣುಕು ಕೊಡು ಎಂದು ಅವರ ಮೊಮ್ಮಗ ಕೇಳಿದ. ಕಳಿಸಿದೆ. ಮರುದಿನ ಬೆಳಿಗ್ಗೆ ಅವನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಅದೇ ಕರಿ ಬಡ್ಡೆಗಳಿದ್ದವು, ಕೆಳಗೆ ಅವರ ಊರಿನ ಹೆಸರು. ಅಪ್ಪನಿಗೆ ತೋರಿಸಿದೆ. ಮುಖ ಗಂಟಿಕ್ಕಿಕೊಂಡು, ಫೋನ್ ಮಾಡಿ ಆ ಹೆಸರು ತೆಗೆಸು ಎಂದರು. ನಾನು ಅತ್ತೆಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಬಲಕ್ಕಿದ್ದದ್ದು ಬ್ಯಾಣ ಅಂದೆನಲ್ಲ. ಅದರಾಚೆ ಅವರ ಗದ್ದೆ ಇದ್ದಿರಲೂಬಹುದು ಕೂಸೇ” ಎಂದರು.