ಗಾಜಿನ ಪೆಟ್ಟಿಗೆಗೆ ಬೆಲೆ ಕಟ್ಟೋದು

ಚಿಕ್ಕಪೇಟೆ ಸಂಡೇ ಬಜಾರಲ್ಲಿ ಮೊಳದುದ್ದದ ಗಾಜಿನ ಶೋಕೇಸ್ ಕಣ್ಣಿಗೆ ಬಿತ್ತು. "ಬ್ರಿಟಿಷರ ಕಾಲದ್ದು ಸಾರ್, ಫ್ರೇಮು ಅಪ್ಪಟ ಹಿತ್ತಾಳೆ" ಅಂದ ಮಾರೋನು. ಜೇಬಿನ ಮ್ಯಾಗ್ನೆಟ್ ಹಿಡಿದೆ, ಟಪ್ ಅಂತ ಅಂಟಿಕೊಳ್ತು. ಕಬ್ಬಿಣಕ್ಕೆ ಹಿತ್ತಾಳೆ ಲೇಪ, ಅಷ್ಟೇ.

ಗಾಜು ಮಾತ್ರ ಸುಮ್ಮನೆ ಬಿಡೋ ಹಾಗಿರಲಿಲ್ಲ. ಮುಂದಿನ ಗಾಜಿನಾಚೆ ಎದುರಂಗಡಿ ಬೋರ್ಡು ತುಸು ಅಲೆಅಲೆಯಾಗಿ ಕಾಣ್ತಿತ್ತು, ಮೂಲೇಲಿ ಸಾಸಿವೆಗಿಂತ ಸಣ್ಣ ಗುಳ್ಳೆ. ಹಳೇದೇ ಇರಬೇಕು. ಹಿಂಬದಿ ಗಾಜು ಮಾತ್ರ ನೀಟಾಗಿ ಸಪಾಟು. ಕರಗಿದ ತವರದ ಮೇಲೆ ಗಾಜು ತೇಲಿಸಿ ಸಪಾಟು ಮಾಡೋ ವಿಧಾನವನ್ನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸ್ತಲ್ಲ, ಆಮೇಲಿನ ಬಗೆ ಇರಬೇಕು. ಅಂದ್ರೆ ಯಾರೋ ಒಡೆದಿದ್ದಾರೆ, ಯಾರೋ ಜೋಪಾನವಾಗಿ ಹೊಸದು ಕೂರಿಸಿದ್ದಾರೆ. ಸಂಗ್ರಾಹಕರ ಲೆಕ್ಕದಲ್ಲಿ ಇದರಿಂದ ಬೆಲೆ ಇಳಿಯುತ್ತೆ. ನನಗ್ಯಾಕೋ ಅದೇ ಇಷ್ಟ ಆಯ್ತು.

ಚನ್ನಪಟ್ಟಣದ ಬೆರಳುದ್ದದ ಗೊಂಬೆಗಳಿಗೆ ಸರಿಹೋಗುತ್ತೆ ಅಂತ ತಗೊಂಡೆ. ಚೌಕಾಸಿ ಬಿಡಲಿಲ್ಲ, ಮ್ಯಾಗ್ನೆಟ್ ತೋರಿಸ್ಕೊಂಡೇ ಮಾಡಿದೆ.