ಹಿಮ ನಿಂತ ಮಾರನೆಯ ದಿನ

ಫೆಬ್ರುವರಿ 3, ರಾತ್ರಿ

ಸಂಜೆ ಗುಲ್ಮಾರ್ಗ್‌ನಿಂದ ಹುಡುಗನ ಫೋನು. "ಅಣ್ಣಾ, ಎರಡು ದಿನ ಸುರಿದು ಈಗ ನಿಂತಿದೆ. ನಾಳೆ ಬಿಸಿಲಂತೆ. ಅಫರ್ವಟ್ ಶಿಖರದ ಮೇಲಿಂದ ಸ್ಕೀ ಮಾಡ್ಕೊಂಡು ಇಳೀಬಹುದಲ್ವಾ?"

ಗಾಳಿ ಯಾವ ಕಡೆಯಿಂದ ಬೀಸ್ತು ಅಂತ ಕೇಳಿದೆ. ಗಮನಿಸಿಲ್ಲವಂತೆ. ಹೋಟೆಲ್ ಅಂಗಳದಲ್ಲಿ ಮೊಣಕಾಲುದ್ದ ಹಿಮ ಇದೆ ಅಂದ. ಆ ಅಳತೆ ಬೆಟ್ಟದ ಮೇಲೆ ನಡೆಯಲ್ಲ ಕಣೋ. ಗಾಳಿ ಏಣಿನ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಮರೆಯ ಮಗ್ಗುಲಿಗೆ ಪೇರಿಸುತ್ತೆ, ಅದೂ ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ಬೇಗ. ಅಲ್ಲಿ ಅದು ಬಿಗಿದು ಚಪ್ಪಡಿಯಾಗುತ್ತೆ. ಅಡಿಯಲ್ಲಿ ಚಳಿಗಾಲದ ಮೊದಲ ತೆಳು ಹಿಮ ಇರುತ್ತೆ. ನೆಲ ಸೊನ್ನೆ ಡಿಗ್ರಿಯ ಹತ್ತಿರ, ಮೇಲ್ಮೈ ಕೊರೆವ ಚಳಿ. 10 ಸೆಂ.ಮೀ.ಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾದರೆ ಹರಳು ದಪ್ಪಗಾಗಿ, ಒಂದಕ್ಕೊಂದು ಅಂಟದೆ ಸಕ್ಕರೆಯ ಹಾಗೆ ಉದುರುತ್ತೆ. ಅದರ ಮೇಲೆ ಈ ಹೊಸ ಭಾರ. ಒಮ್ಮೆ ಜಾರಿದರೆ ಚಪ್ಪಡಿಯೇ ಹಿಮಕುಸಿತವಾಗಿ ಇಳಿಯುತ್ತೆ. ಬಿರುಗಾಳಿ ಮುಗಿದ ಮೊದಲ ಒಂದೆರಡು ದಿನವೇ ಹೆಚ್ಚು ಭಯ. ಆಗಲೇ ಬಿಸಿಲು ಕರೆಯೋದೂ.

"ಹಿಮದಲ್ಲಿ ಗುಂಡಿ ತೋಡಿ ಪದರ ಗಟ್ಟಿ ಇದೆಯಾ ನೋಡ್ತೀವಿ" ಅಂದ. ನೋಡಲಿ. ಅದೇ ದಿಕ್ಕಿಗಿರುವ, ಆದರೆ ಕುಸಿತ ತಲುಪದ ಜಾಗದಲ್ಲಿ 30 ಸೆಂ.ಮೀ. ಚೌಕದ ಕಂಬ ಕಡಿದು, ಸಲಿಕೆಯ ಅಲಗು ಮೇಲಿಟ್ಟು, ಮಣಿಕಟ್ಟಿನಿಂದ 10 ಏಟು, ಮೊಣಕೈಯಿಂದ 10, ಭುಜದಿಂದ 10. ಮೊದಲ ಹತ್ತರಲ್ಲೇ ಕಂಬದ ಪದರ ನುಣ್ಣಗೆ ಜಾರಿದರೆ ವಾಪಸ್ ಬರಬೇಕು. ಜಾರದಿದ್ದರೂ ಅದು ಆ ಒಂದು ಗುಂಡಿಯ ಮಾತಷ್ಟೇ. ಕಾಲಡಿ 'ಧಪ್' ಅಂತ ಕುಸಿದ ಸದ್ದು, ಸ್ಕೀ ತುದಿಯಿಂದ ಓಡುವ ಬಿರುಕು, ಇವು ಕಂಡರೆ ಗುಂಡಿಯೇ ಬೇಡ, ಮರಳಿಬಿಡಬೇಕು. ನಾಳೆಯ ಮಟ್ಟಿಗೆ 30 ಡಿಗ್ರಿಗಿಂತ ಕಡಿಮೆಯ ಇಳಿಜಾರು ಸಾಕು, ಅದರ ನೆತ್ತಿಯ ಮೇಲೆ ಕಡಿದಾದದ್ದು ಇಲ್ಲದಿದ್ದರೆ.

ಇವತ್ತು ಫೆಬ್ರುವರಿ 3. 2016ರಲ್ಲಿ ಸಿಯಾಚಿನ್‌ನ ಸೋನಂ ಸೇನಾ ಠಾಣೆ ಹಿಮಕುಸಿತದಲ್ಲಿ ಮುಚ್ಚಿಹೋದ ದಿನ. ಹತ್ತು ಯೋಧರು, ಅವರಲ್ಲಿ ಮೂವರು ನಮ್ಮವರು. ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಉಸಿರಾಡುತ್ತಾ ಸಿಕ್ಕರು, 11ಕ್ಕೆ ತೀರಿಕೊಂಡರು. ಆ ಆರು ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು. ಹಿಮದಡಿ ಸಿಕ್ಕವರಿಗೆ ಇರುವುದು ಮೊದಲ ಹತ್ತು-ಹದಿನೈದು ನಿಮಿಷ. ಅಷ್ಟರಲ್ಲಿ ಅಗೆದು ತೆಗೆಯುವವರು ಜೊತೆಯವರೇ.

ಹುಡುಗನ ಗುಂಪಿನ ಮೂವರಿಗೆ ಎರಡೇ ಬೀಕನ್ ಅಂತೆ, ಹೂತವರನ್ನು ಹುಡುಕಲು ಮೈಗೆ ಕಟ್ಟಿಕೊಳ್ಳುವ ರೇಡಿಯೋ ಸಾಧನ! ಮೂರನೆಯವನನ್ನು ಹುಡುಕೋದು ಹೇಗೆ? ಬಾಡಿಗೆಗೆ ಸಿಗದಿದ್ದರೆ ಅವನು ಕೆಳಗೇ ಇರಲಿ ಅಂದೆ. ಸಂಕೇತ ಕೆಡದಿರಲು, ಬೀಕನ್ ಸಂಕೇತ ಕಳಿಸುವ ಸ್ಥಿತಿಯಲ್ಲಿದ್ದಾಗ ಫೋನು ಅದರಿಂದ 20 ಸೆಂ.ಮೀ. ದೂರ ಇರಬೇಕು, ಹುಡುಕುವಾಗ 50. ಬೆಳಗ್ಗೆ ಫೋನ್ ಮಾಡಿ ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು 240 ಸೆಂ.ಮೀ. ಇದೆಯಾ ಕೇಳಬೇಕು. ಸಲಿಕೆಯೂ. ಕುಸಿದು ನಿಂತ ಹಿಮ ಗಟ್ಟಿಯಾಗಿಬಿಡುತ್ತೆ, ಪ್ಲಾಸ್ಟಿಕ್ ಅಲಗಾದರೆ ಮುರಿದೀತು.