ಮಣ್ಣು ಚುಚ್ಚುತ್ತಾ ಸಾಗಿದ ದಾರಿ

ಬೆಳಗಿನ ಜಾವ ನಾಲ್ಕೂವರೆಗೆ ‘ಸ್ಟ್ಯಾಂಡ್ ಟು’ ಆಗುತ್ತಿತ್ತು. ಕತ್ತಲು ಹರಿಯುವ ಹೊತ್ತಿನಲ್ಲಿ ದಾಳಿಯ ಭಯ ಹೆಚ್ಚಾದ್ದರಿಂದ ಎಲ್ಲರೂ ರೈಫಲ್ ಹಿಡಿದು ಮರಳಿನ ಚೀಲಗಳ ಹಿಂದೆ ಕೂರಬೇಕಿತ್ತು. ಬೂಟು ಹಾಕಿಕೊಂಡೇ ಮಲಗುತ್ತಿದ್ದುದರಿಂದ ಸಿದ್ಧರಾಗುವುದು ತಡವಾಗುತ್ತಿರಲಿಲ್ಲ. ಬೆಳಕಾದ ಮೇಲೆ ಲಂಗರಿನಿಂದ, ಎಂದರೆ ಪಾಳೆಯದ ಅಡುಗೆಮನೆಯಿಂದ, ಮಗ್ಗಿನ ತುಂಬ ಚಹಾ, ಪೂರಿ, ಆಲೂಗಡ್ಡೆ ಪಲ್ಯ ಬರುತ್ತಿದ್ದವು. ಅದು 1988ರ ಬೇಸಿಗೆ, ಶ್ರೀಲಂಕಾದ ಉತ್ತರ ತುದಿಯ ಜಾಫ್ನಾ, ನನಗೆ 21 ವರ್ಷ.

ನಾನು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ತರಬೇತಿ ಪಡೆದ ಸ್ಯಾಪರ್, ಅಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕ. ಊರು ಕೋಲಾರದ ಕಡೆ. ಕೆಜಿಎಫ್‌ನ ಸಂತೆಯಲ್ಲಿ ಕಿವಿಗೆ ಬಿದ್ದ ತಮಿಳು ಬರುತ್ತಿತ್ತು. ನಮ್ಮ ದಳದವರನ್ನು ಸೇನೆಯಲ್ಲಿ ‘ತಂಬಿ’ಗಳೆಂದು, ತಮಿಳಿನಲ್ಲಿ ತಮ್ಮಂದಿರೆಂದು, ಕರೆಯುವ ವಾಡಿಕೆಯಿದೆ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಬೆನ್ನಲ್ಲೇ ಶಾಂತಿಪಾಲನೆಗೆಂದು ಬಂದಿಳಿದ ನಮ್ಮ ಸೈನಿಕರಿಗೆ ಅಲ್ಲಿಯ ತಮಿಳರು ಹಾರ ಹಾಕಿದ್ದರು. ಅಕ್ಟೋಬರಿನಲ್ಲಿ ಎಲ್‌ಟಿಟಿಇಯ ತಮಿಳು ಹುಲಿಗಳೊಂದಿಗೇ ಯುದ್ಧ ಶುರುವಾಯಿತು. ನಾನು ಹೋಗುವ ಹೊತ್ತಿಗೆ ಹಾರದ ಮಾತು ಹಳೆಯದಾಗಿತ್ತು.

ನಮ್ಮ ಕೆಲಸವೆಂದರೆ, ಪಲಾಲಿ ವಿಮಾನ ನಿಲ್ದಾಣದ ಕಡೆಯಿಂದ ಬರುವ ಲಾರಿಗಳ ಸಾಲು ಹೊರಡುವ ಮೊದಲು ದಾರಿಯಲ್ಲಿ ನೆಲಬಾಂಬು ಇಲ್ಲವೆಂದು ನೋಡಿಕೊಡುವುದು. ಎಡಬಲಗಳ ತೋಟಗಳಲ್ಲಿ ಪದಾತಿಯವರು ಕಾವಲಾಗಿ ನಡೆಯುತ್ತಿದ್ದರು, ನಡುವೆ ನಾವು. ಲೋಹ ಪತ್ತೆ ಮಾಡುವ ಡಿಟೆಕ್ಟರ್ ಇತ್ತು ಎನ್ನುವುದು ಹೆಸರಿಗೆ ಮಾತ್ರ. ಅಕ್ಟೋಬರಿನ ಕಾಳಗದಲ್ಲಿ ಉದುರಿದ ತೋಟಾಗಳ ಚಿಪ್ಪು ಮತ್ತು ಶೆಲ್ಲಿನ ಚೂರು ಮಣ್ಣಿನ ತುಂಬ ಹರಡಿದ್ದರಿಂದ ಅದು ಹೆಜ್ಜೆಹೆಜ್ಜೆಗೂ ಕಿರುಗುಟ್ಟುತ್ತಿತ್ತು. ನಿಜವಾದ ಬಾಂಬನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ ಹೂತಿದ್ದರೆ ಸುಮ್ಮನಿರುತ್ತಿತ್ತು. ಆದ್ದರಿಂದ ನಂಬಿದ್ದು ಕಣ್ಣನ್ನು: ಹೊಸದಾಗಿ ಕೆದಕಿದ ಮಣ್ಣು, ತಾಳೆಗರಿಯ ಬೇಲಿಯ ಕಡೆಗೆ ಓಡುವ ತಂತಿಯ ಗೆರೆ, ನಿನ್ನೆ ಇಲ್ಲದಿದ್ದ ಎಲೆಗಳ ರಾಶಿ. ಮೋರಿ ಬಂದರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ.

ಆ ದಿನ ಒಂದು ಮೋರಿಯ ಈಚೆ, ರಸ್ತೆಯ ಅಂಚಿನಲ್ಲಿ ಅಂಗೈಯಗಲದ ಮಣ್ಣು ಸುತ್ತಲಿನದಕ್ಕಿಂತ ತುಸು ಹೆಚ್ಚು ಕೆಂಪಾಗಿ ಕಂಡಿತು. ನಮ್ಮೂರ ಹೊಲದ ಮಣ್ಣೂ ಕೆಂಪೇ. ತೋಡಿದ ಮಣ್ಣು ಒಣಗುವ ಮುನ್ನ ಯಾವ ಬಣ್ಣದಲ್ಲಿರುತ್ತದೆ ಎಂಬುದನ್ನು ಸೇನೆ ನನಗೆ ಹೇಳಿಕೊಡಬೇಕಿರಲಿಲ್ಲ. ಕೈ ಎತ್ತಿದೆ. ಎಲ್ಲರೂ ಹಿಂದೆ ಸರಿದು ಮಲಗಿದರು. ನಾನು ಬೋರಲು ಬಿದ್ದು, ಮಣ್ಣು ಚುಚ್ಚಿ ನೋಡುವ ಸಲಾಕೆಯಾದ ಪ್ರಾಡರನ್ನು ಓರೆಯಾಗಿ, ಬೆರಳಗಲ ಬಿಟ್ಟು ಬೆರಳಗಲಕ್ಕೆ ಚುಚ್ಚತೊಡಗಿದೆ. ನೇರವಾಗಿ ಒತ್ತಿದರೆ ಬಾಂಬಿನ ನೆತ್ತಿಯನ್ನೇ ಒತ್ತಿದಂತೆ. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಆಗ ನೆನಪಾದದ್ದು ದೇವರೂ ಅಲ್ಲ, ಅಮ್ಮನೂ ಅಲ್ಲ. ಅಂದು ಬೆಳಿಗ್ಗೆ ಎರಡನೆಯ ಮಗ್ಗು ಚಹಾ ಕುಡಿಯಬಾರದಿತ್ತು ಎಂಬುದು.

ಮೂರು ಗೇಣು ದೂರದಲ್ಲಿ ಬೇಲಿಯ ಆಚೆ ಒಬ್ಬ ಅಜ್ಜಿ ಬಾವಿಯಿಂದ ನೀರು ಸೇದುತ್ತಿದ್ದಳು ಎಂದರೆ ಉತ್ಪ್ರೇಕ್ಷೆ. ಇಪ್ಪತ್ತು ಹೆಜ್ಜೆಯಾದರೂ ಇತ್ತು. ದೂರ ಹೋಗುವಂತೆ ಕೂಗಿ ಹೇಳಿದೆ. ರಾತ್ರಿ ಇಲ್ಲಿ ಯಾರಾದರೂ ಅಗೆದರೇ ಎಂದೂ ಕೇಳಿದೆ. ಅಲ್ಲಿಯವರು ಹೌದು ಎನ್ನಲು ‘ಓಂ’ ಎನ್ನುತ್ತಾರೆ; ಮೊದಮೊದಲು ಅದು ನನಗೆ ಮಂತ್ರದಂತೆ ಕೇಳುತ್ತಿತ್ತು. ಅಜ್ಜಿ ಓಂ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ‘ತಂಬಿ, ನಿನ್ನ ಊರು ಯಾವುದು?’ ಎಂದಳು. ಪಾಳೆಯದಲ್ಲಿ ದಿನವೂ ಕೇಳುವ ಆ ಹೆಸರನ್ನು ಮನೆಯ ಮಾತಾಗಿ ಕೇಳಿದ್ದು ಅಂದೇ. ಉತ್ತರಿಸುವ ಮೊದಲೇ ಕೊಡವನ್ನು ಸೊಂಟಕ್ಕಿಟ್ಟು ಒಳಗೆ ಹೋದಳು. ತಮಿಳು ಗೊತ್ತಿದ್ದವನೆಂದು ನನ್ನನ್ನು ಮುಂದೆ ಬಿಡುತ್ತಿದ್ದರು. ಭಾಷೆ ಬಂದಷ್ಟಕ್ಕೆ ಎದುರಿನವರು ಮಾತಾಡುತ್ತಾರೆ ಎಂಬ ನಂಬಿಕೆ ನಮ್ಮ ಅಧಿಕಾರಿಗಳಲ್ಲಿ ಕೊನೆಯವರೆಗೂ ಇತ್ತು.

ಮುಕ್ಕಾಲು ಗಂಟೆಯ ಮೇಲೆ ಪ್ರಾಡರ್ ಗಟ್ಟಿಯಾದುದಕ್ಕೆ ತಾಗಿತು. ಬೆರಳಿನಿಂದ ಮಣ್ಣು ಬಿಡಿಸಿದೆ. ತುಕ್ಕು ಹಿಡಿದ ಸೀಮೆಎಣ್ಣೆ ಡಬ್ಬ, ಒಳಗೆ ಬರೀ ಮಣ್ಣು. ಯಾರೋ ನಮ್ಮನ್ನು ಪರೀಕ್ಷಿಸಲು ಹೂತರೋ, ಯಾವುದೋ ಮನೆಯ ಕಸವೋ ಹೇಳುವಂತಿರಲಿಲ್ಲ. ಸುಬೇದಾರ್ ಸಾಹೇಬರು ಡಬ್ಬವನ್ನು ಕಾಲಿನಿಂದ ಉರುಳಿಸಿ, ‘ಸ್ಮಾರಕಕ್ಕೆ ಇಟ್ಟುಕೋ’ ಎಂದು ನಕ್ಕರು. ಗುಂಡಿಯನ್ನು ಹಾಗೆಯೇ ಬಿಟ್ಟು ಮುಂದೆ ನಡೆದೆವು. ಮಧ್ಯಾಹ್ನಕ್ಕೆ ಲಾರಿಗಳು ಸುರಕ್ಷಿತವಾಗಿ ಹಾದುಹೋದವು.

ಸಂಜೆ ಮೊಣಕೈಯ ತರಚು ಗಾಯಕ್ಕೆ ಟಿಂಚರ್ ಹಚ್ಚಿಕೊಂಡು ಅಪ್ಪನಿಗೆ ಇನ್‌ಲ್ಯಾಂಡ್ ಬರೆಯಲು ಕುಳಿತೆ. ಎಲ್ಲಿದ್ದೇವೆ, ಏನು ಮಾಡುತ್ತೇವೆ ಎಂದು ಬರೆಯುವಂತಿರಲಿಲ್ಲ. ವಿಳಾಸವೂ ಸೇನಾ ಅಂಚೆಯ 56 ಎಪಿಒ ಅಷ್ಟೇ. ‘ತೀರ್ಥರೂಪರಿಗೆ ನಮಸ್ಕಾರಗಳು, ನಾನಿಲ್ಲಿ ಕ್ಷೇಮ’ ಎಂದಾದ ಮೇಲೆ ಉಳಿದ ಜಾಗವನ್ನು ಮಳೆ ಬಂತೇ, ರಾಗಿಗೆ ಹೊಲ ಉತ್ತಿರೇ ಎಂಬ ಪ್ರಶ್ನೆಗಳಿಂದ ತುಂಬಿದೆ.

ಮರುದಿನ ಅದೇ ದಾರಿ. ಮೋರಿಯ ಬಳಿ ಬಂದಾಗ ಗುಂಡಿ ಇರಲಿಲ್ಲ. ರಾತ್ರಿ ಕರ್ಫ್ಯೂ ಇದ್ದರೂ ಯಾರೋ ಅದನ್ನು ಅಚ್ಚುಕಟ್ಟಾಗಿ ಮುಚ್ಚಿ, ಮೇಲೆ ನೀರು ಚಿಮುಕಿಸಿ ತಟ್ಟಿದ್ದರು. ಬೇಲಿಯಾಚೆಯ ಬಾವಿಯ ಬಳಿ ಯಾರೂ ಇರಲಿಲ್ಲ. ನಾನು ಕೈ ಎತ್ತಿದೆ. ಎಲ್ಲರೂ ಹಿಂದೆ ಸರಿದು ಮಲಗಿದರು.